ಇಳಿಜಾರಿನಲ್ಲಿ ಹಿಂದಿನ ಹೊರೆ: ಕೊಳ್ಳೇಗಾಲ ಸೀಮೆಯ ಟ್ರೇಲರುಗಳೂ ಬ್ರೇಕಿನ ಕಾನೂನೂ

ಬ್ರಿಟನ್ನಿನಲ್ಲಿ ಮೋಟರ್ ಹೋಮಿನ ಹಿಂದೆ ಕಟ್ಟಿಕೊಂಡು ಹೋಗುವ ಕಾರನ್ನು ಟ್ರೇಲರ್ ಎಂದೇ ಎಣಿಸುತ್ತಾರೆ. ಒಟ್ಟು ತೂಕ 750 ಕಿಲೋ ದಾಟಿದರೆ ಅದಕ್ಕೂ ಬ್ರೇಕು ಇರಲೇಬೇಕು. ನಮ್ಮ ಕೊಳ್ಳೇಗಾಲ, ಯಳಂದೂರು, ಹನೂರುಗಳಲ್ಲಿ ಇದೇ ಪ್ರಶ್ನೆ ಏಳುವುದು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರಾಕ್ಟರಿನ ಹಿಂದೆ.

1988ರ ಮೋಟಾರು ವಾಹನ ಕಾಯ್ದೆಯ ಕಲಂ 2(28) ಟ್ರೇಲರನ್ನೂ ‘ಮೋಟಾರು ವಾಹನ’ದೊಳಗೆ ಸೇರಿಸಿದೆ. ಟ್ರಾಕ್ಟರ್ ಮತ್ತು ಟ್ರೇಲರಿನ ಜೋಡಿ ಸರಕು ಸಾಗಣೆ ವಾಹನವೇ ಎಂದು ಸುಪ್ರೀಂ ಕೋರ್ಟು 2005ರಲ್ಲಿ, ಕರ್ನಾಟಕದಿಂದಲೇ ಹೋದ ನಟ್ವರ್ ಪಾರಿಖ್ ಪ್ರಕರಣದಲ್ಲಿ ಹೇಳಿತು. ತೆರಿಗೆಯ ಲೆಕ್ಕಕ್ಕೆ ಜೋಡಿ ಒಂದಾಯಿತು. ಬ್ರೇಕಿನ ವಿಷಯದಲ್ಲಿ ಹಾಗಾಗಲಿಲ್ಲ: 1989ರ ಕೇಂದ್ರ ನಿಯಮಗಳ 96(1), ಎರಡು ಸ್ವತಂತ್ರ ಬ್ರೇಕ್ ವ್ಯವಸ್ಥೆಗಳನ್ನು ಕಡ್ಡಾಯ ಮಾಡುವಾಗ ಟ್ರೇಲರನ್ನು ಹೊರಗಿಡುತ್ತದೆ.

ಬಯಲಿನಲ್ಲಿ ಇದು ಅಷ್ಟಾಗಿ ಕಾಡದು. ತಾಳುಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ಘಾಟಿಯಲ್ಲೋ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಹಾದಿಯಲ್ಲೋ ಮಾತು ಬೇರೆ. ಆರು ಟನ್ನಿನ ಟ್ರೇಲರು ಹದಿನೈದಕ್ಕೆ ಒಂದರ ಇಳಿಜಾರಿನಲ್ಲಿ ಸುಮಾರು 400 ಕಿಲೋ ತೂಕದಷ್ಟು ಬಲದಿಂದ ಟ್ರಾಕ್ಟರನ್ನು ಮುಂದಕ್ಕೆ ನೂಕುತ್ತದೆ. ಇದು ಸರಳ ಗಣಿತ. ತಿರುವಿನಲ್ಲಿ ಈ ನೂಕು ಓರೆಯಾಗಿ ಬೀಳುತ್ತದೆ. ಸಾಮಾನ್ಯ ಟ್ರಾಕ್ಟರಿನಲ್ಲಿ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ, ಅದೂ ಎಡಕ್ಕೊಂದು, ಬಲಕ್ಕೊಂದು ಪೆಡಲು. ಉಳುಮೆಯಲ್ಲಿ ಗಕ್ಕನೆ ತಿರುಗಿಸಲು ಅನುಕೂಲವಾದ ಏರ್ಪಾಡು ಅದು. ಹೊಲದಿಂದ ರಸ್ತೆಗೆ ಬಂದಾಗ ಪೆಡಲುಗಳಿಗೆ ಕೊಂಡಿ ಹಾಕದಿದ್ದರೆ ಒಂದೇ ಚಕ್ರ ಹಿಡಿದು ಗಾಡಿ ಮಗುಚಬಹುದು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿಗಂತೂ ಇಂಜಿನ್ನಿನ ಹಿಡಿತವೂ ಇಲ್ಲ.

ಹಾಗಾದರೆ ಟ್ರೇಲರಿಗೆ ಬ್ರೇಕು ಬೇಡವೆಂದು ಕಾನೂನು ಹೇಳಿತೇ? ಹಾಗೆ ಓದುವುದು ತಪ್ಪೆಂದು ನನ್ನ ವಾದ. ಅಪಾಯ ತರುವ ದೋಷವಿದ್ದೂ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದನ್ನು ಅಪರಾಧವೆನ್ನುವ ಕಲಂ 190(1), ‘ಮೋಟಾರು ವಾಹನ’ದ ಜೊತೆಗೆ ‘ಟ್ರೇಲರ್’ ಅನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಸಾಮಾನ್ಯ ಎಚ್ಚರದಿಂದ ಕಾಣಬಹುದಾಗಿದ್ದ ದೋಷವಾದರೂ ಸಾಕು. ಬಯಲಿನಲ್ಲಿ ಕೊರತೆ ಎನಿಸದ್ದು ಘಾಟಿಯಲ್ಲಿ ದೋಷವೇ ಆಗುತ್ತದೆ; ತೂಕದೊಂದಿಗೆ ಇಳಿಜಾರನ್ನೂ ಎಣಿಸದ ತಪಾಸಣೆ ಅರೆಬರೆ. ಮೇಲಾಗಿ ಆ ಕಲಂ ಓಡಿಸಿದವನಿಗಷ್ಟೇ ನಿಲ್ಲದೆ ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಹೊರೆ ಹೇರಿಸಿ ಬೆಟ್ಟಕ್ಕೆ ಕಳಿಸಿದ ಮಾಲೀಕ, ಸ್ಟಿಯರಿಂಗ್ ಹಿಡಿದದ್ದು ಚಾಲಕನೆಂದು ಹೇಳಿ ಜಾರಿಕೊಳ್ಳುವಂತಿಲ್ಲ.