ಅರಿಷ್ಟದಿಂದ ಅಳತೆಗೆ: ನಿರ್ಜಲೀಕರಣದ ಲಕ್ಷಣಗಳ ಇತಿಹಾಸ

ವಾಂತಿಭೇದಿಯಿಂದ ದೇಹದ ನೀರು ಬರಿದಾದ ರೋಗಿಯ ಮುಖದಲ್ಲಿ ಮೂಡುವ ಚಿಹ್ನೆಗಳು ಪ್ರಾಚೀನ ವೈದ್ಯರ ದೃಷ್ಟಿಗೆ ಬಿದ್ದಿರಲಿಲ್ಲವೆಂದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರವು ವಾಂತಿಭೇದಿಯ ರೋಗವಾದ ವಿಷೂಚಿಕೆಯನ್ನು ವಿವರಿಸುವಲ್ಲಿ, ಹಲ್ಲು ತುಟಿ ಉಗುರುಗಳು ಕಪ್ಪಿಟ್ಟು, ಪ್ರಜ್ಞೆ ಕುಂದಿ, ಕಣ್ಣುಗಳು ಒಳಸರಿದು, ಸ್ವರವು ಕ್ಷೀಣಿಸಿ, ಸಂಧಿಗಳೆಲ್ಲ ಸಡಿಲಗೊಂಡ ರೋಗಿಯ ಚಿತ್ರವನ್ನು ಕೊಡುತ್ತದೆ. ಮುಂದಿನ ಕಾಲದ ರೋಗನಿದಾನ ಗ್ರಂಥವಾದ ಮಾಧವನಿದಾನವೂ ಅದನ್ನೇ ಅನುಸರಿಸಿದೆ. ಇಂದಿನ ವೈದ್ಯನು ಈ ವರ್ಣನೆಯನ್ನು ಓದಿದೊಡನೆ ತೀವ್ರ ನಿರ್ಜಲೀಕರಣವೆಂದು ಹೇಳಿಯಾನು; ಗ್ರಂಥಕಾರನಾದರೋ ಅಂತಹ ರೋಗಿಯು ಉಳಿಯಲಾರನೆಂದು ನಿರ್ಣಯಿಸಿದನು. ಅಂದರೆ ಲಕ್ಷಣವನ್ನು ಕಂಡದ್ದರಲ್ಲಿ ಕೊರತೆಯಿರಲಿಲ್ಲ. ಕಂಡ ಲಕ್ಷಣವು ಅರಿಷ್ಟ, ಎಂದರೆ ಸಾವಿನ ಮುನ್ಸೂಚನೆ, ಆಗಿತ್ತೇ ಹೊರತು ಚಿಕಿತ್ಸೆಗೆ ಕರೆಯಾಗಿರಲಿಲ್ಲ.

ಗ್ರೀಕರಲ್ಲಿಯೂ ಸ್ಥಿತಿ ಹೆಚ್ಚು ಭಿನ್ನವಾಗಿರಲಿಲ್ಲ. ಹಿಪ್ಪೊಕ್ರಟೀಸನ ಹೆಸರಿನಲ್ಲಿ ಬಂದಿರುವ, ರೋಗದ ಪರಿಣಾಮವನ್ನು ಮುಂದಾಗಿ ತಿಳಿಯುವ ವಿಷಯದ ಗ್ರಂಥದಲ್ಲಿ ಚೂಪಾದ ಮೂಗು, ಗುಳಿಬಿದ್ದ ಕಣ್ಣು, ಒಳಕ್ಕೆ ಕುಸಿದ ಕಣತಲೆ, ತಣ್ಣಗಾದ ಕಿವಿ, ಒಣಗಿ ಬಿಗಿದ ಹಣೆಯ ಚರ್ಮ ಇವೆಲ್ಲವೂ ಸಾವಿನ ಮುಖವೆಂದೇ ಎಣಿಕೆಯಾಗಿವೆ. ಆದರೆ ಅಲ್ಲಿಯೇ ಒಂದು ಸೂಕ್ಷ್ಮವಾದ ಎಚ್ಚರಿಕೆಯೂ ಇದೆ: ರೋಗಿಯು ನಿದ್ದೆಗೆಟ್ಟಿದ್ದನೇ, ಬಹಳವಾಗಿ ಭೇದಿಯಾಗಿತ್ತೇ, ಹಸಿದಿದ್ದನೇ ಎಂದು ವಿಚಾರಿಸತಕ್ಕದ್ದು, ಹೌದೆಂದಾದರೆ ಅಪಾಯವು ಅಷ್ಟು ಘೋರವಲ್ಲವೆಂದು ತಿಳಿಯತಕ್ಕದ್ದು. ಭೇದಿಗೂ ಆ ಮುಖಕ್ಕೂ ಇರುವ ಸಂಬಂಧವನ್ನು ಇಷ್ಟರ ಮಟ್ಟಿಗೆ ಹಿಡಿದ ಮೇಲೂ, ಹೋದ ನೀರನ್ನು ಮರಳಿ ತುಂಬಬಹುದೆಂಬ ಮಾತಿಗೆ ಮುಂದಿನ ಎರಡು ಸಾವಿರ ವರ್ಷ ಬಹುಮಟ್ಟಿಗೆ ಯಾರೂ ಬಾರದೆಹೋದದ್ದು ನನಗೆ ಈ ಇತಿಹಾಸದ ಅತ್ಯಂತ ವಿಸ್ಮಯಕರ ಭಾಗವಾಗಿ ತೋರುತ್ತದೆ.

1831ರ ಕೊನೆಯಲ್ಲಿ ಕಾಲರಾ ಇಂಗ್ಲೆಂಡಿನ ಸಂಡರ್ಲೆಂಡ್ ಬಂದರನ್ನು ಹೊಕ್ಕಿತು. ಎಡಿನ್‌ಬರೋದಲ್ಲಿ ವೈದ್ಯಪದವಿ ಪಡೆದಿದ್ದ ಐರಿಷ್ ತರುಣ ವಿಲಿಯಂ ಬ್ರೂಕ್ ಓಶಾನೆಸಿ ಅಲ್ಲಿಗೆ ಹೋಗಿ, ರೋಗಿಗಳ ರಕ್ತವನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಅದು ತನ್ನ ನೀರಿನ ಬಹುಭಾಗವನ್ನೂ ಲವಣಗಳನ್ನೂ ಕಳೆದುಕೊಂಡಿದೆಯೆಂದೂ, ಮೂತ್ರ ನಿಂತವರ ರಕ್ತದಲ್ಲಿ ಯೂರಿಯಾ ಸೇರಿಕೊಂಡಿದೆಯೆಂದೂ ಲ್ಯಾನ್ಸೆಟ್ ಪತ್ರಿಕೆಯ ಮೂಲಕ ಪ್ರಕಟಿಸಿದನು. ಇದನ್ನೋದಿದ ಸ್ಕಾಟ್ಲೆಂಡಿನ ಲೀತ್ ಬಂದರಿನ ವೈದ್ಯ ಥಾಮಸ್ ಲಾಟಾ 1832ರ ಮೇ ತಿಂಗಳಲ್ಲಿ ಸಾಯುವ ಕ್ಷಣ ಸಮೀಪಿಸಿದ್ದ ವೃದ್ಧೆಯೊಬ್ಬಳ ರಕ್ತನಾಳಕ್ಕೆ ಉಪ್ಪುನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸತೊಡಗಿದನು. ಮೊದಲಿಗೆ ಏನೂ ಆಗಲಿಲ್ಲ. ಆಮೇಲೆ ಉಸಿರಾಟ ಹಗುರವಾಯಿತು, ಮಣಿಕಟ್ಟಿನಲ್ಲಿ ಮಾಯವಾಗಿದ್ದ ನಾಡಿ ಮರಳಿತು, ಗುಳಿಬಿದ್ದ ಕಣ್ಣಿಗೂ ತಣ್ಣಗಾದ ಮುಖಕ್ಕೂ ಜೀವಕಳೆ ಬಂದಿತು. ಅರ್ಧಗಂಟೆಯಲ್ಲಿ ಆರು ಪಿಂಟ್, ಎಂದರೆ ಸುಮಾರು 3.4 ಲೀಟರ್, ದ್ರವ ಒಳಹೋಗಿತ್ತು. ಲಾಟಾ ಆಕೆಯನ್ನು ಆಸ್ಪತ್ರೆಯ ವೈದ್ಯನ ವಶಕ್ಕೆ ಬಿಟ್ಟು ಹೊರಟನು. ವಾಂತಿಭೇದಿಗಳು ಮರುಕಳಿಸಿ, ಐದೂವರೆ ಗಂಟೆಗಳಲ್ಲಿ ಆಕೆ ತೀರಿಕೊಂಡಳು. ಮುಖಲಕ್ಷಣಗಳೆಲ್ಲ ನೀರಿನ ನಷ್ಟದ ಫಲವೆಂಬುದಕ್ಕೆ ಅವು ನೀರಿನಿಂದಲೇ ಅಳಿದುದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇರೆ ಬೇಕಿರಲಿಲ್ಲ; ಆದರೆ ಅವು ಮರಳಿ ಕಂಡೊಡನೆ ಮರಳಿ ನೀರು ಕೊಡಬೇಕೆಂಬ ಪಾಠವನ್ನು ಅಂದು ಕಲಿತವರು ವಿರಳ.

ಲಾಟಾ ಮರುವರ್ಷವೇ ತೀರಿಕೊಂಡನು. ಉಪ್ಪುನೀರನ್ನು ಮರಣಾಸನ್ನರಿಗೆ ಮಾತ್ರ, ಅದೂ ಒಂದೇ ಸಲ ಕೊಟ್ಟು, ಅವರು ಸತ್ತರೆ ವಿಧಾನವನ್ನೇ ದೂರುವ ಪದ್ಧತಿ ಬೆಳೆಯಿತು. ರಕ್ತ ಬಿಡುವುದೂ ಭೇದಿಯಾಗಲು ಔಷಧ ಕೊಡುವುದೂ ಮುಂದುವರಿದವು. ಲಂಡನ್ನಿನ ಜಾರ್ಜ್ ಜಾನ್ಸನ್ನಂತೂ ರೋಗಿಯ ಕುಸಿತಕ್ಕೆ ಶ್ವಾಸಕೋಶದ ಧಮನಿಗಳು ವಿಷದಿಂದ ಸೆಟೆದುಕೊಳ್ಳುವುದೇ ಕಾರಣವೆಂದು ವಾದಿಸಿ ಹರಳೆಣ್ಣೆಯನ್ನು ಕುಡಿಸಿದನು. ಬಾಯಾರಿಕೆ, ಈ ಲಕ್ಷಣಗಳಲ್ಲೆಲ್ಲ ರೋಗಿಯೇ ಬಾಯಿಬಿಟ್ಟು ಹೇಳುವ ಒಂದೇ ಒಂದು ಲಕ್ಷಣ, ಎಷ್ಟೋ ಕಡೆ ಬೇಕೆಂದೇ ಅಲಕ್ಷಿಸಲ್ಪಟ್ಟಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರೋಜರ್ಸ್ ರಕ್ತದ ಹನಿಯನ್ನು ಬೇರೆಬೇರೆ ಸಾಂದ್ರತೆಯ ಗ್ಲಿಸರಿನ್ ದ್ರಾವಣಗಳಲ್ಲಿ ಬಿಟ್ಟು, ಅದು ಮುಳುಗುವುದೋ ತೇಲುವುದೋ ನೋಡಿ, ರಕ್ತ ಎಷ್ಟು ಗಟ್ಟಿಯಾಗಿದೆಯೆಂದು ಹಾಸಿಗೆಯ ಬಳಿಯಲ್ಲಿಯೇ ಅಳೆದನು. ಅಮೆರಿಕದ ನೌಕಾಪಡೆಯ ರಾಬರ್ಟ್ ಫಿಲಿಪ್ಸ್, ತಾನು ರಸಾಯನಶಾಸ್ತ್ರಜ್ಞ ವಾನ್ ಸ್ಲೈಕ್‌ನೊಡನೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪಿಸಿದ್ದ, ರಕ್ತದ ಗಟ್ಟಿತನವನ್ನೇ ಅಳೆಯುವ ಮೈಲುತುತ್ತದ ದ್ರಾವಣದ ಪರೀಕ್ಷೆಯನ್ನು 1947ರ ಈಜಿಪ್ಟಿನ ಕಾಲರಾದಲ್ಲಿ ಪ್ರಯೋಗಿಸಿದನು. ಶತಮಾನದ ಉತ್ತರಾರ್ಧದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂತಹ ಪರೀಕ್ಷೆಯ ಸೀಸೆಗಳಿಲ್ಲದ ಹಳ್ಳಿಗಳಿಗಾಗಿ ಮತ್ತೆ ಬರಿಗಣ್ಣಿನ ಲಕ್ಷಣಗಳಿಗೇ ಹಿಂದಿರುಗಿತು. ಆದರೆ ಈ ಬಾರಿ ಪ್ರತಿಯೊಂದು ಲಕ್ಷಣಸಮೂಹಕ್ಕೂ ಒಂದು ಪ್ರಮಾಣವನ್ನು ಗಂಟುಹಾಕಿತು. ಮಗು ಚಡಪಡಿಸುತ್ತ, ಆತುರದಿಂದ ನೀರು ಕುಡಿಯುತ್ತ, ಚಿವುಟಿದ ಹೊಟ್ಟೆಯ ಚರ್ಮ ನಿಧಾನವಾಗಿ ಸಮವಾಗುತ್ತಿದ್ದರೆ ದೇಹತೂಕದ ಶೇಕಡಾ 5ರಿಂದ 10ರಷ್ಟು ನೀರು ಹೋಗಿದೆ. ನಾಲ್ಕು ಗಂಟೆಗಳಲ್ಲಿ ಕಿಲೋ ಒಂದಕ್ಕೆ 75 ಮಿಲಿಲೀಟರ್ ಉಪ್ಪು-ಸಕ್ಕರೆಯ ದ್ರಾವಣ ಕುಡಿಸತಕ್ಕದ್ದು. ಮಂಪರು ಕವಿದು, ಕುಡಿಯಲಾರದೆ, ಚಿವುಟು ಎರಡು ಸೆಕೆಂಡಿಗೂ ಮೀರಿ ನಿಂತರೆ ನಷ್ಟ ಶೇಕಡಾ 10ಕ್ಕೂ ಅಧಿಕ. ರಕ್ತನಾಳದ ಮೂಲಕ ಕಿಲೋ ಒಂದಕ್ಕೆ 100 ಮಿಲಿಲೀಟರ್ ಹೋಗತಕ್ಕದ್ದು.

ಈ ಲಕ್ಷಣಗಳೆಲ್ಲವೂ ಸಮಬಲದವಲ್ಲ. 2004ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ಮಕ್ಕಳಲ್ಲಿ ಉಗುರಿನ ಒತ್ತಿದ ಜಾಗಕ್ಕೆ ರಕ್ತ ತಡವಾಗಿ ಮರಳುವುದು, ಚರ್ಮದ ಬಿಗುವು ಕುಂದುವುದು, ಉಸಿರಾಟದ ಗತಿ ಕೆಡುವುದು ಈ ಮೂರಕ್ಕೆ ಅಗ್ರಸ್ಥಾನ ಕೊಟ್ಟಿದೆ. ಕಣ್ಣಿನ ಗುಳಿಯ ವಿಷಯದಲ್ಲಿ ಸಹಜವಾಗಿಯೇ ಒಳಗಣ್ಣಿನ ಮಕ್ಕಳಿರುವುದರಿಂದ ತಾಯಿಯನ್ನು ಕೇಳಿ ನಿಶ್ಚಯಿಸಬೇಕಾಗುತ್ತದೆ. ವೃದ್ಧರ ಚರ್ಮವು ನೀರಿದ್ದರೂ ಸಡಿಲ. ಸ್ಥೂಲಕಾಯದ ಮಗುವಿನ ಚರ್ಮವು ನೀರಿಲ್ಲದಿದ್ದರೂ ಬೇಗನೆ ಸಮವಾದೀತು. ಎಲ್ಲಕ್ಕಿಂತ ಕಠಿಣವಾದುದು ಪೌಷ್ಟಿಕಾಂಶದ ಅಭಾವದಿಂದ ಬತ್ತಿದ ಮಗುವಿನ ಪರೀಕ್ಷೆ: ಚರ್ಮದಡಿಯ ಕೊಬ್ಬು ಕರಗಿರುವುದರಿಂದ ಕಣ್ಣು ಗುಳಿಬಿದ್ದಿರುತ್ತದೆ, ಚಿವುಟು ನಿಧಾನವಾಗಿ ಇಳಿಯುತ್ತದೆ, ಭೇದಿಯೇ ಆಗಿರದ ಮಗುವೂ ನೀರಿಲ್ಲದ ಮಗುವಿನಂತೆ ಕಾಣುತ್ತದೆ. ಅಂತಹ ಮಗುವಿಗೆ ಮೇಲೆ ಹೇಳಿದ ಪ್ರಮಾಣದಲ್ಲಿ ನಾಳದೊಳಕ್ಕೆ ದ್ರವ ಹರಿಸಿದರೆ ದುರ್ಬಲವಾದ ಹೃದಯವು ಆ ಭಾರವನ್ನು ತಾಳಲಾರದು. ಆದಕಾರಣ ಆಘಾತದ ಸ್ಥಿತಿಯ ಹೊರತು ಅಂತಹ ಮಕ್ಕಳಿಗೆ ಬಾಯಿಯ ಮೂಲಕವೇ, ನಿಧಾನವಾಗಿ, ನಾಡಿಯನ್ನೂ ಉಸಿರನ್ನೂ ಪದೇಪದೇ ಎಣಿಸುತ್ತ ಕೊಡಬೇಕೆಂದು ವಿಧಿಸಲಾಗಿದೆ.