ಕೇಣಿ ಮತ್ತು ಬಸಿಗಾಲುವೆ

ವಯನಾಡು ಎಂಬ ಹೆಸರು ವಯಲ್ ಎಂಬುದರಿಂದ ಬಂದುದೆಂದು ಬಲ್ಲವರು ಹೇಳುತ್ತಾರೆ. ನಮ್ಮ ಕನ್ನಡದಲ್ಲಿ ಅದೇ ಬಯಲು. ಹೊಯ್ಸಳ ವಿಷ್ಣುವರ್ಧನನು ಗೆದ್ದ ನಾಡುಗಳನ್ನು ಹೇಳುವಾಗ ಶಾಸನಗಳು ಬಯಲ್ನಾಡನ್ನೂ ಹೆಸರಿಸುತ್ತವೆ. ಹೆಸರೇ ಗದ್ದೆಯದಾಗಿರುವ ಈ ಸೀಮೆಯ ಗದ್ದೆಗಳು ಬತ್ತಿದ್ದು ಹೇಗೆ?

ಜೌಗಿನ ನೀರು ಹೊರಹಾಕುವುದೆಂದರೆ ಶಾಲೆಯ ಪುಸ್ತಕದಲ್ಲಿ ಕಂಡ ಹಾಲೆಂಡಿನ ಗಾಳಿಯಂತ್ರಗಳು ನೆನಪಿಗೆ ಬರುತ್ತವೆ. ಅಲ್ಲಿನ ಬೇಮ್‌ಸ್ಟರ್ ಸರೋವರವನ್ನು 1612ರಲ್ಲಿ ನಲವತ್ತಕ್ಕೂ ಹೆಚ್ಚು ಗಾಳಿಯಂತ್ರಗಳಿಂದ ಬರಿದು ಮಾಡಿ ಹೊಲವಾಗಿಸಿದರು. ನಮ್ಮದೇ ರಾಜ್ಯದ ಕುಟ್ಟನಾಡಿನಲ್ಲಿ ಗದ್ದೆ ಸಮುದ್ರಮಟ್ಟಕ್ಕಿಂತ ಕೆಳಗೆ. ಅಲ್ಲಿ ಕಾಲಿನಿಂದ ತುಳಿಯುವ ಚಕ್ರಗಳೂ, ಆಮೇಲೆ 'ಪೆಟ್ಟಿಯುಂ ಪರಯುಂ' ಎಂಬ ಮರದ ಪಂಪುಗಳೂ ಆ ಕೆಲಸ ಮಾಡಿದವು. ವಯನಾಡಿಗೆ ಇದಾವುದೂ ಬೇಕಾಗಲಿಲ್ಲ. 700 ಮೀಟರಿಗೂ ಎತ್ತರದ ಈ ನಾಡಿನಲ್ಲಿ ಗುಡ್ಡಗಳ ನಡುವಿನ ಗದ್ದೆಗೆ ಇಳಿಜಾರು ಇದ್ದೇ ಇದೆ. ಒಂದು ಗುದ್ದಲಿ ಸಾಕು. ಹೀಗಾಗಿ ಪಾಳುಬಿದ್ದ ಗಾಳಿಯಂತ್ರದಂಥ ಗುರುತೂ ನಮ್ಮಲ್ಲಿ ಉಳಿದಿಲ್ಲ.

ಉಳಿದಿರುವುದು ಕೇಣಿಗಳು. ಕನ್ನಡದಲ್ಲಿ ಗೇಣಿಯನ್ನು ಕೇಣಿ ಎನ್ನುವುದೂ ಉಂಟು. ಇಲ್ಲಿ ಮಾತ್ರ ಕೇಣಿ ಎಂದರೆ ಬಾವಿ. ಬೈನೆ ಮರದ ದಪ್ಪ ಕಾಂಡವನ್ನು ಬಹುಕಾಲ ನೀರಿನಲ್ಲಿ ನೆನೆಹಾಕಿ, ಒಳಗಿನ ತಿರುಳು ಕೊಳೆತ ಮೇಲೆ ಉಳಿಯುವ ಗಟ್ಟಿ ಕೊಳವೆಯನ್ನು ಗದ್ದೆಯಂಚಿನ ಒರತೆಯಲ್ಲಿ ಇಳಿಸುತ್ತಾರೆ. ಆಳ ಹೆಚ್ಚಿಲ್ಲ, ಸುಮಾರು ಒಂದು ಮೀಟರು. ಆದರೂ ಬೇಸಗೆಯಲ್ಲೂ ತಿಳಿನೀರು. ಮುಳ್ಳುಕುರುಮರು ಅದರ ಬಳಿಗೆ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಮದುವೆಯಾಗಿ ಬಂದ ಹೆಣ್ಣು ಅಲ್ಲಿಂದ ನೀರು ತರುವ ಸಂಪ್ರದಾಯವಿದೆ. ಪುಲ್ಪಳ್ಳಿಯ ಹತ್ತಿರ ಪಾಕ್ಕದಲ್ಲಿ ಇಂಥ ಕೇಣಿ ಇದೆ. ಕೇಣಿಯಲ್ಲಿ ನೀರು ನಿಲ್ಲಬೇಕಾದರೆ ಪಕ್ಕದ ಗದ್ದೆ ಕೆಸರಾಗಿರಬೇಕು, ಅಷ್ಟೇ ಅದರ ಗುಟ್ಟು.

ಆ ಕೆಸರಿನಲ್ಲಿಯೇ ನಂಜ, ಪುಂಜ ಬೆಳೆಗಳು ಬರುತ್ತಿದ್ದವು. ವಯನಾಡನ್ ಚೆಟ್ಟಿಯರು, ಕುರಿಚ್ಯರು, ಕುರುಮರು ಕಾಪಾಡಿಕೊಂಡು ಬಂದ ಗಂಧಕಶಾಲ, ಜೀರಕಶಾಲ ಅಕ್ಕಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಮೊಣಕಾಲುದ್ದ ಕೆಸರಿನಲ್ಲಿ ನಿಂತವರು ಹೆಚ್ಚಾಗಿ ಪಣಿಯರು, ಅಡಿಯರು. ವಳ್ಳಿಯೂರ್‌ಕಾವಿನ ಉತ್ಸವದಲ್ಲಿ ವರ್ಷದ ಜೀತಕ್ಕೆ ಅವರನ್ನು ಗೊತ್ತುಮಾಡಿಕೊಂಡು ಹೋಗುತ್ತಿದ್ದ ಭೂಮಾಲಿಕರಲ್ಲಿ ನಮ್ಮ ಭಾಷೆಯವರು ಇರಲಿಲ್ಲವೆಂದು ಎದೆ ಮುಟ್ಟಿ ಹೇಳಲಾರೆ. ಜೀತವನ್ನು ನಿಷೇಧಿಸಿದ ಕಾಯಿದೆ ಬಂದದ್ದು 1976ರಲ್ಲಿ.

ಮುಂದೆ ಕೂಲಿ ಏರಿತು, ಭತ್ತ ಗಿಟ್ಟಲಿಲ್ಲ, ಬಾಳೆ ಬಂತು. ಬಾಳೆಗೆ ನಿಂತ ನೀರು ಆಗದು. ಗದ್ದೆಯುದ್ದಕ್ಕೂ ಆಳದ ಬಸಿಗಾಲುವೆ ತೋಡಿ, ಆ ಮಣ್ಣನ್ನು ಏರಿ ಮಾಡಿ ಬಾಳೆ ನೆಟ್ಟರು. ಕೆಲವೆಡೆ ಅನಂತರ ಅಡಿಕೆ, ಅದರ ಬೆನ್ನಿಗೇ ಮನೆ. ಬ್ಯಾಂಕಿನ ಮೇಜಿನ ಮೇಲೆ ಸಾಲಕ್ಕಾಗಿ ಬರುವ ಕಾಗದಗಳಲ್ಲಿ ಮಾತ್ರ ಅದು ಇನ್ನೂ 'ನಿಲಂ', ಅಂದರೆ ಗದ್ದೆ. ಮನೆ ಕಟ್ಟಬೇಕೆಂಬ ಬಡವನಿಗೆ ಆ ಒಂದು ಪದ ಎಷ್ಟು ಅಡ್ಡಿಯೆಂಬುದನ್ನು ಕಂಡಿದ್ದೇನೆ. ಅವನನ್ನು ದೂರಲು ಮನಸ್ಸು ಬಾರದು. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆ ಪರಿವರ್ತನೆಯನ್ನು ತಡೆಯಿತು. 2018ರ ತಿದ್ದುಪಡಿಯು ಡೇಟಾ ಬ್ಯಾಂಕಿಗೆ (ಇದು ನಮ್ಮ ಬ್ಯಾಂಕಲ್ಲ!) ಸೇರದ ನೆಲಕ್ಕೆ ಶುಲ್ಕ ಕಟ್ಟುವ ದಾರಿ ತೆರೆಯಿತು.

ಕೆಸರುಗದ್ದೆ ಮಳೆಯನ್ನು ಹಿಡಿದಿಟ್ಟು ಮೆಲ್ಲಗೆ ಬಿಡುತ್ತಿತ್ತು. ಬಸಿಗಾಲುವೆ ಅದನ್ನು ಕೂಡಲೇ ತೋಡಿಗೆ ದಾಟಿಸುತ್ತದೆ. ತೋಡಿನಿಂದ ಪನಮರಂ ಹೊಳೆ. ಅದು ಮಾನಂತವಾಡಿ ಹೊಳೆಯೊಡನೆ ಕೂಡಿ ಕಬಿನಿಯಾಗಿ, 1974ರಲ್ಲಿ ಪೂರ್ಣಗೊಂಡ ಬೀಚನಹಳ್ಳಿಯ ಅಣೆಕಟ್ಟಿಗೆ ಇಳಿಯುತ್ತದೆ. ಕಬಿನಿ ತುಂಬಿತೆಂದು ಹೆಗ್ಗಡದೇವನಕೋಟೆಯ ನಂಟರು ಆಷಾಢದಲ್ಲಿ ಸಂತೋಷದಿಂದ ತಿಳಿಸುತ್ತಾರೆ. ಬಾಳೆಯ ಏರಿಗಳ ನಡುವೆ ಸಿಕ್ಕಿಕೊಂಡ ಕೇಣಿಯಲ್ಲಿ ಮಾರ್ಚ್ ತಿಂಗಳಿಗೆ ಒಣ ಎಲೆಗಳಿರುತ್ತವೆ.