ಹೆಬ್ಬೆಟ್ಟಿನಿಂದ ಓಟಿಪಿವರೆಗೆ

ಸಕಲೇಶಪುರ ದಾಟಿ ಶಿರಾಡಿ ಘಾಟಿ ಕಡೆ ಹೊರಟ್ರೆ ದೋಣಿಗಲ್ ಸಿಗುತ್ತೆ. ನಿಮ್ಮಲ್ಲಿ ತುಂಬಾ ಜನಕ್ಕೆ ಈ ಊರು ಗೊತ್ತಿರೋದು ರೈಲು ಹಳಿ, ಸುರಂಗ, ಟ್ರೆಕ್ಕಿಂಗ್ ರೀಲ್ಸ್‌ನಿಂದ. ಇವತ್ತಿನ ಕಥೆ ರೈಲಿನದ್ದಲ್ಲ. ಈ ಬೆಟ್ಟಗಳ ಕಾಫಿ ತೋಟದಲ್ಲಿ ದುಡಿಯೋ ಹೆಂಗಸರ ಹೆಬ್ಬೆಟ್ಟಿನದ್ದು.

ಇಲ್ಲಿ ತಲೆಮಾರುಗಳ ಕಾಲ ಲೆಕ್ಕ ಅಂದ್ರೆ ತೋಟದ ಮಸ್ಟರ್ ಪುಸ್ತಕ. ಎಷ್ಟು ದಿನ ಬಂದಳು, ಎಷ್ಟು ಹಣ್ಣು ಕುಯ್ದಳು ಅಂತ ರೈಟರು ಬರೀತಿದ್ರು. ಬಟವಾಡೆ ದಿನ, ಓದು ಬಾರದವಳು ಹೆಬ್ಬೆಟ್ಟು ಒತ್ತಿ ಕೂಲಿ ತಗೋತಿದ್ಲು. ತನ್ನ ಹೆಸರಿನ ಮುಂದೆ ಏನು ಬರೆದಿದೆ ಅಂತ ಓದೋಕೆ ಅವಳಿಗೆ ಆಗ್ತಿರಲಿಲ್ಲ. ಬೇರೆಯವರು ಹೇಳಿದ್ದೇ ಲೆಕ್ಕ.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯ್ತು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಎಷ್ಟೋ ಹೆಂಗಸರಿಗೆ ತಮ್ಮ ಹೆಸರು ಬರೆಯೋದೇ ಮೊದಲ ಗೆಲುವು. 2000-01ರಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಸಂಘದವರು ವಾರ ವಾರ ದುಡ್ಡು ಕಟ್ಟಿದ್ರು, ಬ್ಯಾಂಕಿನ ಮೆಟ್ಟಿಲು ಹತ್ತಿದ್ರು, ಪಾಸ್‌ಬುಕ್ ತಾವೇ ಇಟ್ಕೊಂಡ್ರು. ಲೆಕ್ಕದ ಪುಸ್ತಕ ಅವರ ಕೈಗೆ ಬಂತು.

ಬಂದು ಸ್ವಲ್ಪ ಕಾಲ ಆಗಿತ್ತು ಅಷ್ಟೇ, ಪುಸ್ತಕವೇ ಫೋನಿನೊಳಗೆ ಹೋಯ್ತು!

2014ರಲ್ಲಿ ಜನ್‌ಧನ್ ಖಾತೆಗಳು ಬಂದ್ವು. 2023ರ ಜನವರಿಯಲ್ಲಿ ನರೇಗಾ ಕೂಲಿಯ ಹಾಜರಿ ಆ್ಯಪ್‌ಗೆ ಹೋಯ್ತು, ಆಗ ದಿನಕ್ಕೆ ಎರಡು ಫೋಟೊ ತೆಗೀಬೇಕಿತ್ತು. ಅದೇ ವರ್ಷ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ: ಮನೆ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ. ದುಡ್ಡು ಅವಳ ಹೆಸರಿಗೇ ಬರುತ್ತೆ, ಅದು ದೊಡ್ಡ ವಿಷಯ. ಆದ್ರೆ ಮೆಸೇಜ್ ಯಾರ ಫೋನಿಗೆ? ಓಟಿಪಿ ಯಾರಿಗೆ? ಬ್ಯಾಂಕಿನಲ್ಲಿ ಗಂಡನದ್ದೋ ಮಗನದ್ದೋ ನಂಬರ್ ಕೊಟ್ಟಿದ್ರೆ, ಅವಳು ಮತ್ತೆ ಕೇಳಿ ತಿಳಿಯೋಳೇ. ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯೋಣ ಅಂದ್ರೆ, ದುಡಿದು ಸವೆದ ಬೆರಳನ್ನ ಎಷ್ಟೋ ಸಲ ಮಷಿನ್ ಗುರುತಿಸಲ್ಲ.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಒಂದು ಸಲನಾದ್ರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 62, ಹೆಂಗಸರು 35. ಹಳ್ಳಿ ಹೆಂಗಸರು ಸುಮಾರು 25. 2017ರಲ್ಲಿ ಕೇಂದ್ರ ಸರ್ಕಾರ ಹಳ್ಳಿಗಳಲ್ಲಿ ಡಿಜಿಟಲ್ ಸಾಕ್ಷರತೆ ಕಲಿಸೋಕೆ ಹೊರಟಾಗ ಇಟ್ಟ ಲೆಕ್ಕ, ಮನೆಗೆ ಒಬ್ಬರು. ಆ ಒಬ್ಬರು ಮಗನೇ ಆದ್ರೆ? ಹಿಂದೆ ರೈಟರು ಕೂತಿದ್ದ ಜಾಗದಲ್ಲಿ ಈಗ ಮಗ ಕೂರ್ತಾನೆ, ಅಷ್ಟೇ.

ನನ್ನ ಪ್ರಕಾರ ಡಿಜಿಟಲ್ ಸಾಕ್ಷರತೆ ಅಂದ್ರೆ ಯೂಟ್ಯೂಬ್ ನೋಡೋಕೆ ಬರೋದಲ್ಲ. ತನ್ನ ಹೆಸರಿನ ಮುಂದಿರೋ ಅಂಕಿಯನ್ನ ತಾನೇ ಓದೋಕೆ ಬರೋದು.

ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಬ್ಯಾಂಕಿನಲ್ಲಿರೋದು ಅಮ್ಮನ ಸ್ವಂತ ನಂಬರೇನಾ ಅಂತ ಕೇಳಿ. ಒಂದ್ಸಲ ಪಿನ್ ಮಾಡ್ಕೊಂಡ್ರೆ, ನೆಟ್ ಇಲ್ಲದ ಕೀಪ್ಯಾಡ್ ಫೋನಲ್ಲೂ *99# ಒತ್ತಿ ಬ್ಯಾಲೆನ್ಸ್ ನೋಡಬಹುದು. ಆದ್ರೆ ನೀವೇ ನೋಡಿ ಹೇಳಬೇಡಿ. ಫೋನ್ ಅವರ ಕೈಗೆ ಕೊಡಿ. ನಿಧಾನ ಆದ್ರೂ ಪರವಾಗಿಲ್ಲ, ಅವರೇ ಒತ್ತಲಿ.

ಮುಂದಿನ ಕಂತಿನಲ್ಲಿ ಸಿಗೋಣ.